ಏಳುಕೋಟೆ, ಎಮ್ಮೆಬೆನ್ನು

ನಮ್ಮ ಮನೆಯ ಸಾಸಿವೆ ಡಬ್ಬಿಯಲ್ಲಿ ಇಪ್ಪತ್ತು ಮುಖದ ಒಂದು ದಾಳ ಇರುತ್ತಿತ್ತು. ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರ, ಗಿಳಿಹಸಿರು ಬಣ್ಣ, ಮುಖಕ್ಕೊಂದು ಅಂಕಿ. ಒಗ್ಗರಣೆಗೆ ಕೈ ಹಾಕಿದಾಗ ಅದು ಬೆರಳಿಗೆ ಸಿಕ್ಕಿದರೆ ಅವ್ವ, 'ಈ ಸನಿ ಇಲ್ಲೂ ಬಂದದಾ' ಎಂದು ಬೈದು ಮತ್ತೆ ಅಲ್ಲೇ ಹಾಕುತ್ತಿದ್ದಳು. ಅದನ್ನು ಅಲ್ಲಿಟ್ಟವಳು ನನ್ನ ತಂಗಿ ರೂಪ. ದೃಷ್ಟಿ ತೆಗೆಯುವುದು ಸಾಸಿವೆಯಲ್ಲಿ ತಾನೆ, ಸಾಸಿವೆಯೊಳಗೆ ಮಲಗಿದ ದಾಳ ಸುಳ್ಳು ಹೇಳುವುದಿಲ್ಲ ಎಂದು ಅವಳ ವಾದ. ದಾಳ ಸುಳ್ಳು ಹೇಳಲಿಲ್ಲ, ಅದು ನಿಜ. ಹೇಳಿದವಳು ನಾನು.

ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ ಆಗ ಮನೆಗಿಂತ ಬ್ಯಾರನ್ ಎತ್ತರ. ಹೊಗೆಸೊಪ್ಪು ಬೇಯಿಸುವ ಆ ಕಿಟಕಿಯಿಲ್ಲದ ಕಟ್ಟಡವೇ ಮನೆಯ ಯಜಮಾನ, ನಾವು ಅದರ ಪಕ್ಕದಲ್ಲಿ ಬಾಡಿಗೆಗೆ ಇದ್ದವರು ಅನ್ನಿಸುವ ಹಾಗಿತ್ತು. ಹೆಂಚಿನ ಮನೆ, ಒಂದು ನಡುಮನೆ, ಹೊಗೆ ಹಿಡಿದ ಅಡುಗೆಕೋಣೆ, ಅಲ್ಲಿಂದಲೇ ಒಂದು ಬಾಗಿಲು ದನದ ಕೊಟ್ಟಿಗೆಗೆ. ಮುಂದೆ ಜಗಲಿ, ಜಗಲಿ ದಾಟಿದರೆ ಸೋಗೆ ಹೊದೆಸಿದ ಚಪ್ಪರ. ಹಸಿ ಸೊಪ್ಪು ಮುರಿದು ತಂದು ಆ ಚಪ್ಪರದ ಕೆಳಗೆ ಗುಡ್ಡೆ ಹಾಕುತ್ತಿದ್ದರು. ಮನೆಯ ಹೆಂಗಸರೂ ಕೂಲಿಯ ಹೆಂಗಸರೂ ಸುತ್ತ ಕೂತು, ಎಲೆಗಳನ್ನು ಜೋಡಿ ಜೋಡಿಯಾಗಿ ದಾರ ಸುತ್ತಿ ಕಡ್ಡಿಗೆ ಕಟ್ಟುತ್ತಿದ್ದೆವು. ಕೈಗೆ ಕಪ್ಪು ಅಂಟು ಹತ್ತಿಕೊಳ್ಳುತ್ತಿತ್ತು. ಎಷ್ಟು ತೊಳೆದರೂ ಮುದ್ದೆಯ ತುತ್ತಿಗೆ ಅದರ ಕಹಿ. ಅದಕ್ಕೇ ಸೊಪ್ಪಿನ ಕಾಲದಲ್ಲಿ ಅಜ್ಜಿ, ನಮ್ಮಪ್ಪನ ತಾಯಿ, ನಮ್ಮೆಲ್ಲರನ್ನೂ ಸಾಲಾಗಿ ಕೂರಿಸಿ, ಬಸ್ಸಾರಿನಲ್ಲಿ ಅದ್ದಿದ ಮುದ್ದೆಯನ್ನು ತಾನೇ ಬಾಯಿಗೆ ಇಡುತ್ತಿದ್ದಳು. ಸೊಪ್ಪು ಮುಟ್ಟದ ಕೈ ಮನೆಯಲ್ಲಿ ಅವಳದೊಂದೇ. ಆ ಕೈ ಇನ್ನೇನು ಮಾಡಿತು ಅನ್ನುವುದನ್ನು ಹೇಳುವ ಮೊದಲು, ನಮಗೆ ಉಣ್ಣಿಸಿದ್ದೂ ಅದೇ ಕೈ ಎಂದು ಹೇಳಬೇಕು.

ದಾಳ ಬಂದದ್ದು ಹುಣಸೂರಿನಿಂದ. ಅವ್ವನ ತಮ್ಮ, ನಮ್ಮ ಮಾವ, ಅಲ್ಲಿ ಗುಜರಿ ಅಂಗಡಿ ಇಟ್ಟಿದ್ದ. ಕೊಡಗಿನ ಯಾವುದೋ ತೋಟದ ಬಂಗಲೆಯಿಂದ ಬಂದ ರದ್ದಿಯ ಮೂಟೆಯಲ್ಲಿ ರಟ್ಟು ಕಿತ್ತುಹೋದ ಒಂದು ದಪ್ಪ ಪುಸ್ತಕವೂ ಈ ದಾಳವೂ ಇದ್ದವು. ರೂಪಳ ಸ್ಕೂಲ್ ಪುಸ್ತಕಕ್ಕೆ ಬೈಂಡು ಹಾಕಲು ಆಗುತ್ತದೆ ಎಂದು ತಂದುಕೊಟ್ಟ. ಒಳಗೆಲ್ಲ ಇಂಗ್ಲಿಷು. ಓದುವವರು ಯಾರು? ನಾವು ಚಿತ್ರ ನೋಡಿದೆವು. ರೆಕ್ಕೆಯಿರುವ ಹಾವು, ದೊಣ್ಣೆ ಹಿಡಿದ ಗಡ್ಡದ ಮುದುಕ, ಮೋಡದ ಮೇಲೆ ಕೋಟೆ. ನಡುವೆ ಮಡಚಿಟ್ಟ ಒಂದು ನಕ್ಷೆ. ಬೆಟ್ಟ, ಹೊಳೆ, ಕಾಡು ಎಲ್ಲ ಇದ್ದವು. ಆದರೆ ಸ್ಕೂಲಿನ ಗೋಡೆಯಲ್ಲಿ ನೇತುಹಾಕಿದ್ದ ಯಾವ ನಕ್ಷೆಯಲ್ಲೂ ಆ ದೇಶ ಇರಲಿಲ್ಲ. ಬಂಗಲೆಯಲ್ಲಿ ಲೆಕ್ಕ ಬರೆಯುವ ರೈಟರಿಂದ ಕೇಳಿಕೊಂಡು ಬಂದಷ್ಟನ್ನು ಮಾವ ಹೇಳಿದ.

"ಇದು ಆಟದ ಬುಕ್ಕು ಕಣಮ್ಮಿ. ಒಬ್ರು ಒಂದು ದೇಸ ಕಟ್ಟಿ ಯೇಳ್ತಾರಂತೆ. ಮಿಕ್ಕೋರು ಆ ದೇಸದೊಳಕ್ಕೆ ಓಗಿ ಬಾಳಾಟ ಮಾಡ್ತಾರಂತೆ. ಗೆದ್ರೋ ಸೋತ್ರೋ ಈ ದಾಳ ಯೇಳ್ತದಂತೆ."

"ದೇಸನೇ ಕಟ್ತಾರಾ ಮಾವ?" ರೂಪ ಕೇಳಿದಳು.

"ಕಟ್ಲಿ ಬುಡು. ಬಾಯಲ್ಲಿ ಕಟ್ಟೋಕೆ ಯಾರಪ್ಪನ ಗಂಟು ಓಯ್ತದೆ?"

ಅಷ್ಟೇ ನಮಗೆ ಸಿಕ್ಕ ಪಾಠ. ಉಳಿದ ಕಾನೂನೆಲ್ಲ ನಾವೇ ಮಾಡಿಕೊಂಡದ್ದು. ಮೊದಲನೆಯದು, ಹೇಳುವವಳು ಹೇಳಿದ್ದು ಆಗಿಹೋಯಿತು. ಬೆಟ್ಟ ಬಿತ್ತು ಅಂದರೆ ಬಿತ್ತು, ಯಾಕೆ ಅಂತ ಕೇಳುವ ಹಾಗಿಲ್ಲ. ಎರಡನೆಯದು, ದಾಳ ಹಾಕಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ.

ಆ ವರ್ಷವೇ ನಾನು ಸ್ಕೂಲು ಬಿಟ್ಟಿದ್ದೆ. ಏಳನೇ ಕ್ಲಾಸು ಮುಗಿದಿತ್ತು, ಹೈಸ್ಕೂಲು ದೂರ, ಚಪ್ಪರದ ಕೆಳಗೆ ಕೈಗಳು ಸಾಲುತ್ತಿರಲಿಲ್ಲ. 'ಕೈಗೆ ಬಂದ ಮಗಳು' ಎಂದು ಅಪ್ಪ ನನ್ನನ್ನು ಕರೆದಾಗ ಅದು ಹೊಗಳಿಕೆ ಎಂದೇ ತಿಳಿದಿದ್ದೆ. ರೂಪ ಮೂರನೇ ಕ್ಲಾಸು. ಅವಳು ಬ್ಯಾಗು ಇಟ್ಟು ಚಪ್ಪರಕ್ಕೆ ಬರುವ ಹೊತ್ತಿಗೆ ನನ್ನ ಕೈ ಕಪ್ಪಾಗಿ ಗಟ್ಟಿಯಾಗಿರುತ್ತಿತ್ತು. ಅವಳು ನನ್ನ ಪಕ್ಕದಲ್ಲಿ ಎಲೆ ಜೋಡಿಸಿಕೊಡುತ್ತಾ ಕೂರುವಳು, ಆಟ ಶುರುವಾಗುವುದು. ಮಣೆಯ ಮೇಲೆ ಹುಣಸೆಬೀಜಗಳನ್ನು ಇಟ್ಟುಕೊಂಡು, ಒಂದೊಂದು ಬೀಜಕ್ಕೂ ಒಂದೊಂದು ಹೆಸರು.

ನನ್ನ ದೇಶ ಏಳುಕೋಟೆ. ಪುಸ್ತಕದ ಚಿತ್ರದಿಂದ ಅರ್ಧ, ದಸರಾ ಮೆರವಣಿಗೆಯಿಂದ ಅರ್ಧ ಕದ್ದು ಕಟ್ಟಿದ್ದು. ಒಂದರೊಳಗೊಂದು ಏಳು ಕೋಟೆ, ಏಳನೆಯದರೊಳಗೆ ರಾಣಿ, ರಾಣಿ ನಾನು. ಬಾಗಿಲು ಬಾಗಿಲಿಗೂ ಕಾವಲು, ಚಿನ್ನದ ಬಾವಿ, ರೆಕ್ಕೆಯ ಕುದುರೆ, ಬೆಂಕಿ ಉಗುಳುವ ಹಾವು. ಅಲ್ಲಿ ಸತ್ತವನು ಸತ್ತ, ಬೀಜ ಎತ್ತಿ ಹೊರಗೆಸೆಯುವುದು. ನನಗೆ ಅದು ಭಾರಿ ದೇಶ ಅನ್ನಿಸಿತ್ತು. ರೂಪಳ ದೇಶದ ಹೆಸರು ಎಮ್ಮೆಬೆನ್ನು. ಮಲಗಿರುವ ಒಂದು ದೊಡ್ಡ ಎಮ್ಮೆ, ಅದರ ಬೆನ್ನಿನ ಮೇಲೆ ಊರುಗಳು. ಅಲ್ಲಿ ಯಾರೂ ಆಳವಾಗಿ ಉಳುವುದಿಲ್ಲ, ಎಮ್ಮೆಗೆ ನೋಯುತ್ತದೆ. ಕೊಂಬಿನ ಹತ್ತಿರದ ಊರಿನವರು ಬಡಾಯಿಗಾರರು, ಬಾಲದ ಊರಿನವರು ಯಾವಾಗಲೂ ಪ್ರಯಾಣದಲ್ಲಿ. ಎಮ್ಮೆ ನೊಣ ಓಡಿಸಿದಾಗೆಲ್ಲ ಅವರ ಮನೆ ಬೇರೆ ಕಡೆ ಹೋಗಿರುತ್ತದೆ. ಬೆಳಗು ಮಡಿಕೇರಿ ಬಸ್ಸಿನಲ್ಲಿ ಬರುತ್ತದೆ, ಬಸ್ಸು ತಡವಾದರೆ ಕತ್ತಲೆ. ಸುಳ್ಳು ಹೇಳಿದವನ ನೆರಳು ಅವನನ್ನು ಬಿಟ್ಟು ಪಕ್ಕದ ಮನೆಗೆ ಹೋಗಿ ಊಟ ಮಾಡುತ್ತದೆ. ರಾಜನಿಲ್ಲ. ಯಾಕಿಲ್ಲ ಎಂದು ಕೇಳಿದ್ದಕ್ಕೆ, 'ಎಮ್ಮೆ ಎದ್ರೆ ರಾಜನೂ ಬೀಳ್ತಾನಲ್ಲಕ್ಕ' ಎಂದಳು. ಅಲ್ಲಿ ಸತ್ತವರು ಪೂರ್ತಿ ಸಾಯುವುದಿಲ್ಲ. ಅವರ ಮಾತು ಹೋಗುತ್ತದೆ, ಅಷ್ಟೇ. ಎಲ್ಲರ ನಡುವೆ ಓಡಾಡಿಕೊಂಡಿರುತ್ತಾರೆ. ಯಾರಾದರೂ ಬಂದು 'ನನ್ನ ಉಸುರಲ್ಲಿ ಅರ್ಧ ನಿಂದು' ಎಂದರೆ ಮಾತು ವಾಪಸ್ಸು ಬರುತ್ತದೆ. ಸಾಯಿಸಿದವನೇ ಅದನ್ನು ಹೇಳಬೇಕು. ಬೇರೆಯವರ ಉಸುರು ಹಿಡಿಸುವುದಿಲ್ಲ.

ಎರಡು ದೇಶಗಳನ್ನೂ ತೂಗಿ ನೋಡಿದವರು ನಾವಲ್ಲ, ಚಪ್ಪರದ ಹೆಂಗಸರು. ನಾನು ಏಳುಕೋಟೆಯ ಮೂರನೇ ಬಾಗಿಲಿಗೆ ಬರುವಷ್ಟರಲ್ಲಿ ಆಕಳಿಸುತ್ತಿದ್ದರು. ನಮ್ಮ ಮನೆಗೆ ಕೂಲಿಗೆ ಬರುತ್ತಿದ್ದ ಜಯಕ್ಕನ ನಾಲಿಗೆ ಬಲು ಚೂಪು.

"ಬಾಗ್ಯವ್ವ, ನಿನ್ ದೇಸದಲ್ಲಿ ಬರೀ ಕಾವಲುಗಾರ್ರೇ ತುಂಬವ್ರೆ. ಉಣ್ಣೋಕೆ ಉತ್ತೋರು ಯಾರು ತಾಯಿ?" ಎಂದು ಅವಳು ಕೇಳಿದಾಗ ಎಲ್ಲರೂ ಕಡ್ಡಿ ಕೆಳಗಿಟ್ಟು ನಕ್ಕಿದ್ದರು. "ರೂಪ, ನೀ ಯೇಳು ಕೂಸೆ. ಎಮ್ಮೆ ಎದ್ದದಾ, ಇನ್ನೂ ಮಲಗೇ ಅದಾ?"

ಬ್ಯಾರನ್ನಿನ ಒಲೆಗೆ ಸೌದೆ ತಳ್ಳಿ ಬರುತ್ತಿದ್ದ ಅಪ್ಪನೂ ನಿಂತು ಕೇಳುತ್ತಿದ್ದ. 'ಇವಳ ತಲೆ ನೋಡು' ಎಂದು ಅವ್ವನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. 'ಇವಳನ್ನ ಓದುಸ್ಬೇಕು ಕಣೆ.' ನನ್ನ ಕೈಯಲ್ಲಿ ಸೊಪ್ಪಿನ ದಾರ ಬಿಗಿಯಾಗಿ, ಎಲೆಯ ದಂಟು ಮುರಿದುಹೋಯಿತು.

ಅವತ್ತು ಆಟ ಏಳುಕೋಟೆಯಲ್ಲಿ ನಡೆಯುತ್ತಿತ್ತು, ಹೇಳುವವಳು ನಾನು. ರೂಪಳ ಬೀಜ ಆರು ಬಾಗಿಲು ದಾಟಿತ್ತು. ಕಾವಲುಗಾರರ ಜೊತೆ ಅವಳು ಜಗಳವನ್ನೇ ಆಡಲಿಲ್ಲ. 'ಊಟ ಆಯ್ತಾ, ಮನೇಲಿ ಮಕ್ಳು ಚೆನ್ನಾಗವ್ರಾ' ಎಂದು ಕೇಳಿಕೊಂಡೇ ಒಳಗೆ ಬಂದಿದ್ದಳು. ಹೆಂಗಸರು ನಗುತ್ತಿದ್ದರು. ಏಳನೇ ಬಾಗಿಲಲ್ಲಿ ಹಾವು. ದಾಳ ಹಾಕಿದಳು. ಹದಿನೆಂಟೋ ಹತ್ತೊಂಬತ್ತೋ, ದೊಡ್ಡದೇ ಬಿತ್ತು. ಜಯಕ್ಕ ಎಲೆಯ ಗುಡ್ಡೆಯ ಕಡೆ ತಿರುಗಿದ ಗಳಿಗೆಯಲ್ಲಿ ನಾನು ಹೆಬ್ಬೆರಳಿನಿಂದ ದಾಳವನ್ನು ಮಗುಚಿ, 'ಒಂದು' ಎಂದೆ. ಹಾವು ನುಂಗಿತು. ನೀನು ಸತ್ತೆ. ಹೇಳುವವಳು ಹೇಳಿದ್ದು ಆಗಿಹೋಯಿತು.

ರೂಪ ನೋಡಿದ್ದಳು. ಕೂಗಾಡುತ್ತಾಳೆ, ಅವ್ವನಿಗೆ ಹೇಳುತ್ತಾಳೆ ಅಂದುಕೊಂಡೆ. ಅವಳು ಬಾಯಿ ಮುಚ್ಚಿದಳು. ತುಟಿಯ ಮೇಲೆ ಬೆರಳಿಟ್ಟು, ಎಮ್ಮೆಯ ಕೊಂಬಿನ ಹಾಗೆ ಎರಡು ಕೈ ತಲೆಗೆ ಹಿಡಿದು ತೋರಿಸಿದಳು. ತಾನು ಎಮ್ಮೆಬೆನ್ನಿನವಳು, ಎಲ್ಲಿ ಸತ್ತರೂ ತನಗೆ ತನ್ನ ದೇಶದ ಕಾನೂನೇ ಎಂದು ಅದರ ಅರ್ಥ. ಉಸುರು ಕೊಡು ಎಂದು ಕೈ ನೀಡಿದಳು.

"ನನ್ನ ದೇಸದಲ್ಲಿ ಅಂಗೆಲ್ಲ ಇಲ್ಲ," ಎಂದೆ. "ಮೊದ್ಲು ಏಳುಕೋಟೆನೇ ಚೆನ್ನಾಗದೆ ಅನ್ನು. ಆಮೇಲೆ ಕೊಡ್ತೀನಿ."

ಸತ್ತವಳು ಹೇಗೆ ಅನ್ನುತ್ತಾಳೆ? ತಲೆಯಾಡಿಸಿದ್ದರೂ ಸಾಕಿತ್ತು. ಅವಳು ತಲೆಯನ್ನೂ ಆಡಿಸಲಿಲ್ಲ.

ಮೊದಲ ದಿನ ಅದು ತಮಾಷೆ. 'ಬಾಯಲ್ಲೇನು ಕಡುಬು ಇಟ್ಕಂಡಿದ್ದೀಯಾ' ಎಂದು ಅವ್ವ ತಲೆಗೆ ಮೊಟಕಿದಳು. ಮಾರನೆಯ ದಿನ ಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಬರೀ ಎದ್ದು ನಿಂತಳಂತೆ, ಮೇಷ್ಟ್ರು ಮನೆಗೆ ಕಳಿಸಿದರು. ಮೂರನೆಯ ದಿನಕ್ಕೆ ಮನೆಯ ಸದ್ದೇ ಬದಲಾಯಿತು. ಅಪ್ಪ ಹುಣಸೂರಿಗೆ ಕರೆದುಕೊಂಡು ಹೋದ. ಗಂಟಲಲ್ಲಿ ಏನೂ ಇಲ್ಲ, ಮೈಸೂರಿಗೆ ತೋರಿಸಿ ಎಂದರು. ಬ್ಯಾರನ್ನಿಗೆ ಸೊಪ್ಪು ತುಂಬಿ ಬೆಂಕಿ ಹಾಕಿ ಆಗಿತ್ತು. ಸೊಪ್ಪು ಬೇಯುವಾಗ ಯಜಮಾನ ಊರು ಬಿಡುವ ಹಾಗಿಲ್ಲ. ಒಲೆ ಇಳಿದರೂ ಹಾಳು, ಏರಿದರೂ ಹಾಳು. 'ಇದೊಂದು ಬ್ಯಾರನ್ ಇಳಿಸಿ ಓಗನ' ಎಂದ ಅಪ್ಪ. ಅವ್ವ ನನ್ನನ್ನು ಕೊಟ್ಟಿಗೆಗೆ ಕರೆದಳು. 'ಎಣ್ಣು ಕೂಸು ಕಣಮ್ಮಿ. ಮೂಕಿ ಅಂತ ಎಸ್ರು ಬಿದ್ರೆ ಬಾಳು ಓಯ್ತು. ಯಾರತ್ರನೂ ಉಸುರೆತ್ತಬ್ಯಾಡ' ಎಂದಳು. ಉಸುರೆತ್ತಬೇಡ ಎಂದ ಮಾತೇ ನನಗೆ ಆಸರೆಯಾಯಿತು. ಈಗ ಸುಮ್ಮನಿರುವುದು ತಪ್ಪಲ್ಲ, ಅವ್ವನೇ ಹೇಳಿದ್ದಾಳೆ. ಅಷ್ಟರಲ್ಲಿ ನನಗೆ ಹೆದರಿಕೆಯೂ ಹತ್ತಿತ್ತು. ಬಿಡುವಾದಾಗೆಲ್ಲ ರೂಪ ನನ್ನ ಹಿಂದೆ ಬಂದು ಕೈ ನೀಡುತ್ತಿದ್ದಳು. ನಾನು ದಾಳದ ವಿಷಯ ಹೊರಗೆ ಬರುತ್ತದೆ ಎಂದು ತಪ್ಪಿಸಿಕೊಂಡು ತಿರುಗುತ್ತಿದ್ದೆ.

ಅಜ್ಜಿ ತೀರ್ಮಾನ ಮಾಡಿದ್ದು ನಾಲ್ಕನೆಯ ದಿನ ಬೆಳಗಿನ ಊಟವಾದ ಮೇಲೆ.

"ಗಾಳಿ ಸೋಕ್ಬುಟ್ಟದೆ. ನಾಲಿಗೆ ಕಟ್ಕಂಡದೆ. ಬರೆ ಆಕ್ಬುಟ್ರೆ ಬುಟ್ಟು ಓಯ್ತದೆ."

"ಬ್ಯಾಡ ಕಣವ್ವಾ, ಚಿಕ್ಕದು," ಎಂದ ಅಪ್ಪ.

"ನೀನು ಇದಕ್ಕಿಂತ ಚಿಕ್ಕೋನಿದ್ದೆ, ಗೆಡ್ಡೆ ಬಂದಿತ್ತು ವಟ್ಟೇಲಿ. ಆಕಲಿಲ್ವಾ? ಸತ್ತೋದ್ಯಾ? ನನಗೇನು ಕೂಸಿನ ಮ್ಯಾಲೆ ಅಗೆನಾ?"

ಕೆನ್ನೆಗೆ ಅರಿಶಿನ ಹಚ್ಚುವುದು ಬಿಟ್ಟು ಎಷ್ಟೋ ವರ್ಷವಾಗಿದ್ದ ಅಜ್ಜಿ, ಗಡಿಗೆಯಿಂದ ಒಂದು ಅರಿಶಿನದ ಕೊಂಬು ಆರಿಸಿ ಒಲೆಯ ಕೆಂಡದಲ್ಲಿ ತುದಿ ಹೂತಳು. ಅಪ್ಪ ಬ್ಯಾರನ್ನಿನ ಕಡೆ ಹೊರಟುಹೋದ. ಅವ್ವ ಕೊಟ್ಟಿಗೆಗೆ ಹೋಗಿ ಹಸುವಿನ ಕೊರಳಿಗೆ ಮುಖ ಒತ್ತಿ ನಿಂತಳು. ಅಡುಗೆಕೋಣೆಯಲ್ಲಿ ಉಳಿದವರು ಅಜ್ಜಿ, ಕಾಲು ಹಿಡಿಯಲು ಬಂದ ಜಯಕ್ಕ, ಮತ್ತು ನಾನು.

"ಬಾಗ್ಯ, ಕೈ ಇಡ್ಕೊ ಬಾ. ನಿನ್ ಮಾತು ಕೇಳ್ತಳೆ ಅವಳು."

ಹಿಡಿದುಕೊಂಡೆ. ರೂಪ ನನ್ನ ಮಡಿಲಲ್ಲಿ ಮುಖ ಮೇಲೆ ಮಾಡಿ ನನ್ನನ್ನೇ ನೋಡುತ್ತಿದ್ದಳು. ಅಜ್ಜಿ ಅವಳ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಜಡೆ ಸರಿಸಿ, ಕತ್ತಿನ ಹಿಂದೆ ಬೆರಳಿನಿಂದ ಜಾಗ ಹುಡುಕಿದಳು. ಆಗಲೂ ಹೊತ್ತು ಮೀರಿರಲಿಲ್ಲ. ಐದೇ ಮಾತು. ನನ್ನ ಉಸುರಲ್ಲಿ ಅರ್ಧ ನಿಂದು. ಅದನ್ನು ಹೇಳಬಲ್ಲ ಬಾಯಿ ನನ್ನದೊಂದೇ ಆಗಿತ್ತು. ಕೊಂಬು ಕತ್ತಿಗೆ ತಾಗಿತು. ಒಗ್ಗರಣೆ ಸೀದ ವಾಸನೆ ಬಂತು. ರೂಪಳ ಮೈ ಬಿಲ್ಲಿನ ಹಾಗೆ ಎದ್ದಿತು, ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಆದರೆ ಸದ್ದು ಬರಲಿಲ್ಲ. ಎಂಟು ವರ್ಷದ ಕೂಸು, ಕೆಂಡ ತಾಗಿದರೂ ಕೂಗಲಿಲ್ಲ. ನಾನು ಬೆಚ್ಚಿಬಿದ್ದೆ. ಇಷ್ಟು ವರ್ಷವಾದರೂ ಆ ಬೆಚ್ಚು ನನ್ನ ಮೈಯಿಂದ ಇಳಿದಿಲ್ಲ. ಆಟ ಎಂದು ನಾನು ತಿಳಿದಿದ್ದೆ. ಅವಳಿಗೆ ಅದು ಆಟವಾಗಿರಲಿಲ್ಲ, ತನ್ನ ದೇಶಕ್ಕೆ ಕೊಟ್ಟ ಮಾತಾಗಿತ್ತು.

"ಕೂಗ್ಲಿಲ್ವಲ್ಲೇ ಜಯ," ಎಂದಳು ಅಜ್ಜಿ. "ಗಟ್ಟಿ ಗಾಳಿ ಕಣೆ ಇದು. ಇನ್ನೊಂದು ಆಕ್ಬೇಕು."

ಇನ್ನೊಂದು ಹಾಕಿದಳು. ಮೊದಲನೆಯದಕ್ಕೆ ನಾನು ಬಾಯಿ ತೆರೆಯಲಿಲ್ಲ, ಗಾಬರಿ ಎಂದುಕೊಳ್ಳಬಹುದು. ಎರಡನೆಯದಕ್ಕೆ ಏನು ನೆಪ ಹೇಳಲಿ?

ಆಮೇಲೆ ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಅವಳು ಒಬ್ಬಳೇ ಕೂತಿದ್ದಾಗ ಬೆಣ್ಣೆ ತೆಗೆದುಕೊಂಡು ಹೋದೆ. ಹಚ್ಚುತ್ತಾ, ಯಾರಿಗೂ ಕೇಳದಷ್ಟು ಮೆಲ್ಲಗೆ, ಆ ಐದು ಮಾತು ಹೇಳಿದೆ. 'ಐದು' ಎನ್ನುತ್ತೇನೆ, ಈಗ ಎಣಿಸಿದರೆ ನಾಲ್ಕೇ ಇವೆ. ಅವತ್ತು ನನಗೆ ಅಷ್ಟು ಉದ್ದ ಅನ್ನಿಸಿದ್ದಿರಬೇಕು. ನೀರಿನಿಂದ ತಲೆ ಎತ್ತಿದವರ ಹಾಗೆ ರೂಪ ಒಂದು ದೊಡ್ಡ ಉಸಿರು ಎಳೆದುಕೊಂಡಳು.

"ಈಗ ಯೇಳ್ತೀನಿ ಕೇಳಕ್ಕ," ಎಂದಳು. ದನಿ ತುಕ್ಕು ಹಿಡಿದಿತ್ತು. "ನನ್ ದೇಸನೇ ಚೆನ್ನಾಗದೆ."

ಆಮೇಲೆ ಅತ್ತಳು. ಆ ಅಳು ಕೇಳಿ ಮನೆಯವರೆಲ್ಲ ಹಿತ್ತಿಲಿಗೆ ಓಡಿ ಬಂದರು. ಅಜ್ಜಿ ತನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಅಪ್ಪ ಬೂದಿ ಮೆತ್ತಿದ ಮೈಯಲ್ಲೇ ರೂಪಳನ್ನು ಎತ್ತಿಕೊಂಡ. ಮಧ್ಯಾಹ್ನ ಪಾಯಸ ಮಾಡಿದರು. ನಾನು ಅದನ್ನು ಉಂಡೆ.

ಇಲ್ಲಿಗೇ ಮುಗಿದಿದ್ದರೆ ಅದು ನಮ್ಮಿಬ್ಬರ ನಡುವಿನ ಮಾತಾಗಿರುತ್ತಿತ್ತು. ಜಯಕ್ಕನಿಗೆ ಚಂದ್ರ ಎಂಬ ಮಗನಿದ್ದ. ನಾಲ್ಕು ತುಂಬಿದ್ದರೂ ಮಾತು ಬಂದಿರಲಿಲ್ಲ. ತಾಯಿ ಸೊಪ್ಪು ಕಟ್ಟುವಾಗ ಚಪ್ಪರದ ಕಂಬ ಹಿಡಿದು ಸುತ್ತುತ್ತಾ ಆಡಿಕೊಂಡಿರುತ್ತಿದ್ದ. ನಾವು ಕತೆ ಹೇಳುವಾಗ ಎಲ್ಲರ ಮುಖ ನೋಡಿ, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದ. ಒಂದು ವಾರ ಕಳೆದಿರಬೇಕು, ಜಯಕ್ಕ ಅವನಿಗೆ ತಲೆಗೆ ನೀರು ಹಾಕಿ, ಹಣೆಗೆ ಕುಂಕುಮವಿಟ್ಟು ಕರೆದುಕೊಂಡು ಬಂದಳು.

"ಅಜ್ಜಿ, ನಿಮ್ ಕೈಗುಣ ಕಣ್ಣಾರೆ ನೋಡ್ದೆ. ನನ್ ಮಗೀಗೂ ಒಂದ್ ದಾರಿ ಮಾಡಿ."

ಅಜ್ಜಿ ಗಡಿಗೆಗೆ ಕೈ ಹಾಕಿದಳು. ಕತ್ತಿಗೆ ಇನ್ನೂ ಬೆಣ್ಣೆ ಮೆತ್ತಿಕೊಂಡಿದ್ದ ರೂಪ ಅಡುಗೆಕೋಣೆಯ ಹೊಸಿಲಿಗೆ ಅಡ್ಡ ನಿಂತಳು.

"ಬ್ಯಾಡ ಅಜ್ಜಿ. ನಂಗೆ ಬರೆಯಿಂದ ಮಾತು ಬರ್ಲಿಲ್ಲ. ನಾನು ಆಟದಲ್ಲಿ ಸತ್ತಿದ್ದೆ. ಅಕ್ಕ ಉಸುರು ಕೊಟ್ಲು, ಅದುಕ್ಕೆ ಬಂತು. ಬೇಕಾದ್ರೆ ಅಕ್ಕನ್ನ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನೂ ಜಗಲಿಯಲ್ಲಿದ್ದ. ಹೂಂ ಎಂದರೆ ದಾಳ ಮಗುಚಿದ್ದು ಬರುತ್ತದೆ. ಕೈ ಹಿಡಿದುಕೊಂಡು ಕೂತು ಎರಡು ಬರೆ ಬೀಳುವವರೆಗೂ ಸುಮ್ಮನಿದ್ದದ್ದು ಬರುತ್ತದೆ.

"ಏನೋ ಕತೆ ಕಟ್ತಾಳೆ," ಎಂದೆ. "ಅವಳ ಎಮ್ಮೆಬೆನ್ನಿನ ಕತೆ ಇದ್ದದ್ದೇ ಅಲ್ವಾ."

ಜಯಕ್ಕ ನಕ್ಕುಬಿಟ್ಟಳು. ಅಪ್ಪನೂ ನಕ್ಕ. ರೂಪ ನನ್ನನ್ನು ಒಂದು ನೋಟ ನೋಡಿ ಹೊಸಿಲು ಬಿಟ್ಟಳು. ಬರೆ ಬೀಳುವಾಗ ಚಂದ್ರನ ಕಾಲು ಹಿಡಿದವಳು ಮತ್ತೆ ನಾನೇ. ಅವನು ರೂಪಳ ಹಾಗಲ್ಲ, ಊರು ಹಾರುವ ಹಾಗೆ ಚೀರಿದ. ಆ ಚೀರು ಕೇಳಿ ಜಯಕ್ಕ ಮಗನನ್ನು ಅವುಚಿಕೊಂಡು ಕುಣಿದಾಡಿದಳು. "ಸದ್ದು ಬಂತು! ಅಜ್ಜಿ, ಸದ್ದು ಬಂತು! ಇನ್ನೊಂದು ಸರ್ತಿ ಆಕುದ್ರೆ ಮಾತೇ ಬತ್ತದೆ!" ಬರುವ ಅಮಾವಾಸ್ಯೆಗೆ ಎಂದು ಮಾತಾಯಿತು. ಪಕ್ಕದ ಊರಿನವರೂ ಮಾತು ತಡವಾದ ಒಂದು ಕೂಸನ್ನು ಕರೆದುಕೊಂಡು ಬರುತ್ತೇವೆಂದು ಹೇಳಿಕಳಿಸಿದರು. ಮನೆಯಲ್ಲಿ ಅಜ್ಜಿಯ ನಡಿಗೆಯೇ ಬೇರೆಯಾಯಿತು.

ಅಮಾವಾಸ್ಯೆಗೆ ಮೊದಲು ಒಂದು ಮಧ್ಯಾಹ್ನ ಊರಿನ ಬೀದಿಗೆಲ್ಲ ಅರಿಶಿನದ ಹೊಗೆ ತುಂಬಿತು. ಬ್ಯಾರನ್ನಿನ ಚಿಮಣಿಯಿಂದ ಬರುತ್ತಿತ್ತು. ಮದುವೆ ಮನೆಗೆ ಬೆಂಕಿ ಬಿದ್ದ ಹಾಗೆ. ರೂಪ ಅರಿಶಿನದ ಗಡಿಗೆಯನ್ನು ಹೊತ್ತುಕೊಂಡು ಹೋಗಿ, ಕೊಂಬುಗಳನ್ನೆಲ್ಲ ಬ್ಯಾರನ್ನಿನ ಒಲೆಗೆ ಸುರಿದಿದ್ದಳು. ಕೊನೆಗೆ ಆ ಹಸಿರು ದಾಳವನ್ನೂ. ಅಪ್ಪ ಹುಣಸೆ ಬರಲಿನಿಂದ ಹೊಡೆದ. ಆ ಸಲ ಅವಳು ಮನಸಾರೆ ಕೂಗಿದಳು.

ಸಂಜೆ ಅಜ್ಜಿ ಅಕ್ಕಿ ಆರಿಸುತ್ತಾ ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ಅವಳು ಅವತ್ತು ಅಂದದ್ದು ದಿಟವೇನಮ್ಮಿ?"

"ಇಲ್ಲಜ್ಜಿ."

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಸರಿ ಬುಡು. ಇನ್ಮ್ಯಾಕೆ ಯಾರೂ ಬರೆ ಅಂತ ಬರಬ್ಯಾಡಿ ಅಂತ ಯೇಳ್ಬುಡು ಎಲ್ಲಾರ್ಗೂ. ಕೈ ನಡುಗ್ತದೆ ನಂಗೆ."

ಅಜ್ಜಿಯ ಕೈ ನಡುಗುತ್ತಿರಲಿಲ್ಲ. ಸಾಯುವವರೆಗೂ ಸೂಜಿಗೆ ದಾರ ಅವಳೇ ಪೋಣಿಸಿಕೊಳ್ಳುತ್ತಿದ್ದಳು. ಆದರೆ ಆಮೇಲಿನ ಸೊಪ್ಪಿನ ಕಾಲದಲ್ಲಿ ನಮಗೆ ತುತ್ತು ಇಡಲು ಅವಳು ಬರಲಿಲ್ಲ. ಕಹಿ ಕೈಯಲ್ಲೇ ಉಂಡೆವು.

ಚಂದ್ರನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ ಎಂದು ಮುಂದೆ ಹುಣಸೂರಿನಲ್ಲಿ ನಡೆದ ಕಿವಿ ಪರೀಕ್ಷೆಯ ಒಂದು ಕ್ಯಾಂಪಿನಲ್ಲಿ ಡಾಕ್ಟರು ಹೇಳಿದರು. ಈಗ ಅವನು ಅಲ್ಲೇ ಮರಗೆಲಸ ಮಾಡುತ್ತಾನೆ, ಒಳ್ಳೆಯ ಕೈ. ರೂಪ ಸಾಲಿಗ್ರಾಮದ ಹತ್ತಿರದ ಊರಿಗೆ ಮದುವೆಯಾಗಿ ಹೋದಳು, ಅಂಗನವಾಡಿಯಲ್ಲಿ ಮಕ್ಕಳಿಗೆ ಎಮ್ಮೆಬೆನ್ನಿನ ಕತೆ ಹೇಳುತ್ತಾಳೆ. ಹೋದ ವರ್ಷ ಅವಳ ಮನೆಯಲ್ಲಿ ಅವಳ ತಲೆ ಬಾಚುವಾಗ ಕತ್ತಿನ ಆ ಎರಡು ಗುರುತು ಕಂಡವು. 'ನಿನ್ ದೇಸನೇ ಚೆನ್ನಾಗಿತ್ತು ಕಣೆ' ಎಂದೆ, ಅದೆಲ್ಲ ನಡೆದು ಮೂವತ್ತು ವರ್ಷಕ್ಕೆ ಹತ್ತಿರವಾದ ಮೇಲೆ.

"ನಂಗೊತ್ತಲ್ಲ ಅದು," ಎಂದಳು ಅವಳು, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. "ನನಗೆ ಯಾಕೆ ಯೇಳ್ತೀಯಕ್ಕ? ಜಯಕ್ಕನಿಗೆ ಯೇಳು."

ಹೋದೆ. ಜಯಕ್ಕ ಈಗ ಮುದುಕಿ, ಆದರೆ ನಾಲಿಗೆ ಇನ್ನೂ ಚೂಪು. ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯುತ್ತಾ ಎಲ್ಲ ಹೇಳಿದೆ. ದಾಳ, ಉಸುರು, ಹೊಸಿಲ ಹತ್ತಿರ ನಾನು ಆಡಿದ ಸುಳ್ಳು. ಬೈಯುತ್ತಾಳೆ, ಸಿಪ್ಪೆ ಮುಖಕ್ಕೆ ಎಸೆಯುತ್ತಾಳೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಅವಳ ಕೈ ನಿಂತಿತು.

"ಅಂಗಾರೆ ಬರೆಯಿಂದ ಏನೂ ಆಗ್ಲಿಲ್ಲ ಅಂತೀಯಾ?"

"ಇಲ್ಲ ಜಯಕ್ಕ. ಏನೂ ಆಗ್ತಿರಲಿಲ್ಲ."

"ಆಗದೆ ಏನು? ಅವತ್ತು ನನ್ ಮಗ 'ಅವ್ವಾ' ಅಂದ." ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಕಳ್ಳರು ಒಳಗೆ ಬಂದಾಗ ಟ್ರಂಕಿನ ಮೇಲೆ ಕೂತುಬಿಡುವವರ ಗಾಬರಿ ಇತ್ತು. "ಅದೊಂದೇ ಸರ್ತಿ ಕಣಮ್ಮಿ, ಈ ಜನ್ಮದಲ್ಲಿ. ಅದರ ಮ್ಯಾಲೇ ನಾನು ಬದುಕಿವ್ನಿ. ನೀನೂ ಅಲ್ಲೇ ಇದ್ದೆ, ಕಾಲು ಇಡ್ಕಂಡಿದ್ದೆ. ಅಂದನೋ ಇಲ್ವೋ, ಯೇಳು."

ನಾನು ಅಲ್ಲೇ ಇದ್ದೆ. ಅವನ ಚೀರು ನನಗೆ ಈಗಲೂ ಕೇಳುತ್ತದೆ. ಅದರಲ್ಲಿ ಯಾವ ಮಾತೂ ಇರಲಿಲ್ಲ. ಸುಟ್ಟ ಮಗುವಿನ ಚೀರು, ಅಷ್ಟೇ.

"ಅಂದ ಜಯಕ್ಕ," ಎಂದೆ. "ನಾನೂ ಕೇಳುಸ್ಕಂಡೆ."

ಅವಳು ಉಸಿರು ಬಿಟ್ಟು ಮತ್ತೆ ಅವರೆಕಾಯಿಗೆ ಕೈ ಹಾಕಿದಳು. 'ಊಟ ಮಾಡ್ಕಂಡೇ ಓಗು' ಎಂದಳು, ಉಂಡುಕೊಂಡೇ ಬಂದೆ. ಜಯಕ್ಕನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆದಿದ್ದೇನೆ. ಚಂದ್ರನಿಗೆ ಬರುತ್ತದೆ.